ಏನಿದು ಅನ್ನೋದಕ್ಕಿಂತ ಮೊದಲು, ಎಲ್ಲಿತ್ತಿದು?

ನಿಧಿ ಅಂದ ಕೂಡಲೇ ನಮ್ಮ ಮನಸ್ಸಿಗೆ ಬರೋದು ಕೊಪ್ಪರಿಗೆ ಹೊನ್ನು, ಅದನ್ನ ಕಾಯ್ತಾ ಹೆಡೆ ಎತ್ತಿ ಕೂತಿರೋ ಸರ್ಪ, ಅಮಾವಾಸ್ಯೆ ರಾತ್ರಿ, ನಿಂಬೆಹಣ್ಣು, ಮಂತ್ರವಾದಿ... ಇಲ್ಲಿ ಇಂಗ್ಲೆಂಡಿನಲ್ಲಿ ನೆಲದಡಿಯ ಹಳೇ ವಸ್ತು ಹುಡುಕೋರನ್ನ ನೋಡಿದ್ರೆ ಅಂಥಾ ರೋಮಾಂಚನ ಏನೂ ಆಗಲ್ಲ ಬಿಡಿ. ಕಿವಿಗೆ ಹೆಡ್‌ಫೋನು, ಕಾಲಿಗೆ ಮಂಡಿವರೆಗಿನ ಗಂಬೂಟು, ಕೈಯಲ್ಲಿ ತುದಿಗೆ ತಟ್ಟೆ ಸಿಕ್ಕಿಸಿದ ಕೋಲಿನಂಥಾ ಮೆಟಲ್ ಡಿಟೆಕ್ಟರ್. ಕೊಯ್ಲಾದ ಹೊಲದಲ್ಲಿ, ರೈತನ ಒಪ್ಪಿಗೆ ತಗೊಂಡು, ಆ ತಟ್ಟೆಯನ್ನ ಎಡಕ್ಕೂ ಬಲಕ್ಕೂ ಆಡಿಸ್ತಾ ಗಂಟೆಗಟ್ಟಲೆ ನಡೀತಾರೆ. ಬೀಪ್ ಅಂದ್ರೆ ಬಗ್ಗಿ ಅಗೀತಾರೆ. ಹೆಚ್ಚಿನ ಸಲ ಸಿಗೋದು ಕೋಲಾ ಡಬ್ಬಿಯ ಉಂಗುರ, ಬೇಟೆ ತೋಟಾದ ತಳ, ಇಲ್ಲಾ ಟ್ರಾಕ್ಟರಿನ ನಟ್ಟು ಬೋಲ್ಟು. ಅಪರೂಪಕ್ಕೊಮ್ಮೆ ಮಾತ್ರ ನೂರಾರು ವರ್ಷ ಹಳೇದೊಂದು ಕೈಗೆ ಬರುತ್ತೆ.

ಆ ಅಪರೂಪದ ಗಳಿಗೆಯಲ್ಲಿ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ಏನಿದು? ಎಷ್ಟು ಬೆಲೆ? ಈ ಎರಡಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ ಅನ್ನೋದು ನನ್ನ ವಾದ. ಎಲ್ಲಿತ್ತಿದು? ಯಾವ ಹೊಲ, ಯಾವ ಮೂಲೆ, ಎಷ್ಟು ಆಳ, ಅಕ್ಕಪಕ್ಕ ಇನ್ನೇನಿತ್ತು? ಇದಕ್ಕೆ ಉತ್ತರ ಇಲ್ಲದಿದ್ರೆ ಮೊದಲ ಪ್ರಶ್ನೆಗೆ ಸಿಗೋ ಉತ್ತರವೂ ಅರ್ಧವೇ. ಸಾವಿರ ವರ್ಷ ಮಣ್ಣಿನಲ್ಲಿದ್ದ ವಸ್ತುವಿನಿಂದ ಈ ಅರ್ಧವನ್ನ ಕಳಚಿ ಹಾಕೋಕೆ ಐದು ನಿಮಿಷ ಸಾಕು. ಆಮೇಲೆ ಜಗತ್ತಿನ ಯಾವ ಪಂಡಿತನೂ ಅದನ್ನ ಮತ್ತೆ ಅಂಟಿಸಲಾರ.

*

ಮೊದಲು ಗುರುತಿಸೋ ವಿಷಯಕ್ಕೇ ಬರೋಣ, ಯಾಕಂದ್ರೆ ಅದರಲ್ಲೂ ಒಂದು ಸುಖ ಇದೆ. ವಸ್ತು ತಾನೇ ಎಷ್ಟೋ ವಿಷಯ ಹೇಳುತ್ತೆ, ನೋಡೋ ಕಣ್ಣಿರಬೇಕು ಅಷ್ಟೆ.

ಇಲ್ಲಿನ ಹೊಲಗಳಲ್ಲಿ ಆಗಾಗ ಸಿಗೋ ಒಂದು ವಸ್ತುವನ್ನ ಕನ್ನಡದವರು ಯಾರೇ ನೋಡಿದ್ರೂ ಥಟ್ಟನೆ ಗುರುತಿಸ್ತಾರೆ: ಗೆಜ್ಜೆ! ಇವರು ಕ್ರೋಟಲ್ ಬೆಲ್ ಅಂತಾರೆ. ಕುದುರೆ, ದನ, ಕುರಿಗಳ ಕೊರಳಿಗೆ ಕಟ್ಟುತ್ತಿದ್ದ ಗುಂಡನೆಯ ಗಂಟೆ. ಒಳಗೊಂದು ಹರಳು, ಕೆಳಗೊಂದು ಸೀಳು. ಎರಡು ಅರ್ಧಗೋಳ ಬೇರೆ ಬೇರೆ ಮಾಡಿ ನಡುವೆ ಬೆಸೆದಿದ್ರೆ ಅದು ಹಳೇ ಕಾಲದ್ದು. ಇಡಿಯಾಗಿ ಒಂದೇ ಎರಕದಲ್ಲಿ ಹೊಯ್ದಿದ್ರೆ ಆಮೇಲಿನದ್ದು. ಕೆಲವದರ ಮೇಲೆ ಎರಕದವನ ಹೆಸರಿನ ಮೊದಲ ಅಕ್ಷರಗಳಿರುತ್ತವೆ. ಆರ್ ಮತ್ತು ಡಬ್ಲ್ಯೂ ಅಂತಿದ್ರೆ ವಿಲ್ಟ್‌ಶೈರಿನ ಆಲ್ಡ್‌ಬರ್ನ್ ಹಳ್ಳಿಯ ರಾಬರ್ಟ್ ವೆಲ್ಸ್ ಕಾರ್ಖಾನೆಯದ್ದು, ಹದಿನೆಂಟನೇ ಶತಮಾನದ್ದು ಅಂತ ಹೇಳಬಹುದು.

ಬೆಳ್ಳಿಯ ಪೆನ್ನಿ ನಾಣ್ಯ ತಗೊಳ್ಳಿ. ಕಾಗದದಷ್ಟು ತೆಳು, ಸುತ್ತಿಗೆಯಲ್ಲಿ ಹೊಡೆದು ಅಚ್ಚು ಒತ್ತಿದ್ದು. ಹಿಂಬದಿಯಲ್ಲಿ ಒಂದು ಶಿಲುಬೆ. ಆ ಶಿಲುಬೆಯ ತೋಳುಗಳು ಒಳಗಿನ ವೃತ್ತದಲ್ಲೇ ನಿಂತಿದ್ರೆ ಒಂದು ಕಾಲ, ಅಂಚಿನವರೆಗೂ ಚಾಚಿದ್ರೆ ಇನ್ನೊಂದು ಕಾಲ. ಮೂರನೇ ಹೆನ್ರಿ 1247ರಲ್ಲಿ ಶಿಲುಬೆಯನ್ನ ಅಂಚಿನ ತನಕ ಉದ್ದ ಮಾಡಿಸಿದ. ಜನ ನಾಣ್ಯದ ಅಂಚು ಕತ್ತರಿಸಿ ಬೆಳ್ಳಿ ಕದೀತಿದ್ರು, ಶಿಲುಬೆಯ ತುದಿ ಮಾಯವಾಗಿದ್ರೆ ಕಳ್ಳತನ ಕಣ್ಣಿಗೆ ಹೊಡೀಲಿ ಅಂತ. ಇನ್ನು ಸರಿಯಾಗಿ ಅರ್ಧ, ಇಲ್ಲವೇ ಕಾಲು ಭಾಗಕ್ಕೆ ಕತ್ತರಿಸಿದ ಪೆನ್ನಿ ಸಿಕ್ರೆ ಅದು ಮುರಿದದ್ದಲ್ಲ, ಚಿಲ್ಲರೆ! ಮೊದಲನೇ ಎಡ್ವರ್ಡ್ 1279ರ ನಂತರ ಗುಂಡನೆಯ ಅರ್ಧ ಪೆನ್ನಿ, ಕಾಲು ಪೆನ್ನಿಗಳನ್ನ ಹೇರಳವಾಗಿ ಟಂಕಿಸೋವರೆಗೂ ಸಂತೆಯಲ್ಲಿ ಚಿಲ್ಲರೆ ಬೇಕಾದ್ರೆ ನಾಣ್ಯವನ್ನೇ ತುಂಡು ಮಾಡ್ತಿದ್ರು.

ಹೀಗೆ ಲೋಹ, ತೂಕ, ಅಂಚು, ಬೆಸುಗೆ, ಸವೆತ... ಒಂದೊಂದೂ ಒಂದೊಂದು ಸುಳಿವು. ಈ ಸುಳಿವುಗಳ ವಿಷಯದಲ್ಲಿ ನಮ್ಮವರಿಗೆ ಒಂದು ಮಾತು ಹೇಳಲೇಬೇಕು. ಹಳೇ ತಾಮ್ರ, ಹಿತ್ತಾಳೆ ಅಂದ ತಕ್ಷಣ ನಮ್ಮ ಕೈ ಹುಣಸೆಹಣ್ಣಿಗೆ ಹೋಗುತ್ತೆ. ಅಜ್ಜಿ ಕಾಲದಿಂದ ಬಂದ ಅಭ್ಯಾಸ, ಕಿಲುಬು ಕಂಡ್ರೆ ಉಜ್ಜಿ ಫಳಫಳ ಅನ್ನಿಸಬೇಕು. ನೀರು ಕಾಯಿಸೋ ಹಂಡೆಗೆ ಸರಿ, ಮಣ್ಣಿಂದ ಎದ್ದ ವಸ್ತುವಿಗೆ ಇದು ವಿಷ. ಎರಡು ಸಾವಿರ ವರ್ಷದ ರೋಮನ್ ಬ್ರೋಚಿನ ಅಕ್ಷರ, ಗೆರೆ, ಬಣ್ಣದ ಮೀನಾಕಾರಿ, ಚಿನ್ನದ ಮುಲಾಮು ಇವೆಲ್ಲ ಉಳಿದಿರೋದು ಆ ಹಸಿರು ಪದರದಲ್ಲೇ. ಅದು ಅಂಟಿಕೊಂಡಿದ್ದ ಬಟ್ಟೆಯ ನೇಯ್ಗೆಯ ಗುರುತು ಕೂಡ ಕೆಲವೊಮ್ಮೆ ಆ ಕಿಲುಬಿನಲ್ಲೇ ಕಲ್ಲಾಗಿ ಕೂತಿರುತ್ತೆ. ನಿಂಬೆರಸ, ವಿನೆಗರ್, ಹುಣಸೆಹಣ್ಣು ಯಾವುದೇ ಹಾಕಿ ಉಜ್ಜಿ, ಉಳಿಯೋದು ಹೊಳೆಯೋ ಲೋಹದ ತುಂಡು ಮಾತ್ರ. ಬ್ರೋಚು ಹೋಗಿರುತ್ತೆ.

*

ಇಷ್ಟೆಲ್ಲ ಸರಿಯಾಗಿ ನೋಡಿ ಗುರುತಿಸಿದ್ರೂ ವಸ್ತು ತಾನಾಗೇ ಹೇಳಲಾರದ ವಿಷಯ ಒಂದಿದೆ. ಅದಕ್ಕೆ ನಮಗೆ ಹತ್ತಿರದ ಎರಡು ಉದಾಹರಣೆ ಕೊಡ್ತೀನಿ.

ರೋಮ್ ಚಕ್ರವರ್ತಿ ಟೈಬೀರಿಯಸ್ಸನ ಮುಖ ಇರೋ ಒಂದು ಬೆಳ್ಳಿ ದಿನಾರಿಯಸ್ ಇಂಗ್ಲೆಂಡಿನ ಹೊಲದಲ್ಲಿ ಸಿಕ್ತು ಅಂದ್ಕೊಳ್ಳಿ. ಕ್ರಿ.ಶ. 43ರಲ್ಲಿ ರೋಮನ್ ಸೈನ್ಯ ಇಲ್ಲಿಗೆ ಬಂತು; ಆ ಸೈನಿಕರ ಸಂಬಳವೋ, ಅವರ ಹಿಂದೆ ಬಂದ ವ್ಯಾಪಾರಿಯ ಗಂಟೋ ಇರಬಹುದು. ಅಂಥದ್ದೇ ರೋಮನ್ ಬೆಳ್ಳಿ ನಾಣ್ಯಗಳು ನಮ್ಮ ಬೆಂಗಳೂರಿನಲ್ಲೂ ಸಿಕ್ಕಿವೆ! 1891ರಲ್ಲಿ ಯಶವಂತಪುರದಲ್ಲಿ, 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಹತ್ತಿರ. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಬಂದಿವೆ. ಬೆಂಗಳೂರಿಗೆ ರೋಮನ್ ಸೈನ್ಯ ಬಂದಿರಲಿಲ್ಲ. ಇಲ್ಲಿ ಅದೇ ನಾಣ್ಯ ಹೇಳೋ ಕಥೆ ಮೆಣಸಿನದ್ದು, ಹತ್ತಿ ಬಟ್ಟೆಯದ್ದು, ಕಡಲು ದಾಟಿ ಒಳನಾಡಿನವರೆಗೆ ಬಂದ ವ್ಯಾಪಾರದ್ದು. ಒಂದೇ ರಾಜನ ಮುಖ, ಒಂದೇ ತೂಕದ ಬೆಳ್ಳಿ. ಎರಡನ್ನೂ ತಂದು ಒಂದು ಡಬ್ಬಿಗೆ ಹಾಕಿ ಕುಲುಕಿಬಿಟ್ರೆ ಎರಡು ಕಥೆಯೂ ಹೋಯ್ತು.

ಇನ್ನೊಂದು ಇದರ ತಿರುಗುಮುರುಗು. ಒಬ್ಬರು ನನಗೆ ಒಂದು ತಾಮ್ರದ ನಾಣ್ಯ ತೋರಿಸಿ "ಇದು ನಿಮ್ಮ ಕಡೇದಲ್ವಾ?" ಅಂತ ಕೇಳಿದ್ರು. ಒಂದು ಬದಿ ಸಿಂಹಗಳಿರೋ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ, 1808ರ ಇಸವಿ. ಇನ್ನೊಂದು ಬದಿ ಪಾರ್ಸಿ ಲಿಪಿ, ಕೆಳಗೆ ರೋಮನ್ ಅಂಕಿಯಲ್ಲಿ ಇಪ್ಪತ್ತು ಕ್ಯಾಶ್. ಕ್ಯಾಶ್ ಅಂದ್ರೆ ಬೇರೇನಲ್ಲ, ನಮ್ಮ ಕಾಸೇ! ಮದ್ರಾಸು ಪ್ರಾಂತ್ಯಕ್ಕೆ ಅಂತ ಮಾಡಿದ್ದು, ಆದ್ರೆ ಅಚ್ಚು ಹಾಕಿದ್ದು ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ. ಈ ನಾಣ್ಯಗಳನ್ನ ತುಂಬಿಕೊಂಡು ಮದ್ರಾಸಿಗೆ ಹೊರಟ ಅಡ್ಮಿರಲ್ ಗಾರ್ಡನರ್ ಅನ್ನೋ ಹಡಗು 1809ರ ಜನವರಿಯಲ್ಲಿ ಕೆಂಟ್ ತೀರದ ಗುಡ್ವಿನ್ ಮರಳದಿಬ್ಬಕ್ಕೆ ಸಿಕ್ಕಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಆ ನಾಣ್ಯಗಳನ್ನ ರಾಶಿ ರಾಶಿಯಾಗಿ ಮೇಲೆ ತಂದರು, ಅವು ಎಲ್ಲ ಕಡೆ ಮಾರಾಟವಾದವು.

ಈಗ ಹೇಳಿ, ಆ ನಾಣ್ಯ ನಮ್ಮ ಕಡೆಯದ್ದೇ? ತಮಿಳುನಾಡಿನ ಯಾವುದೋ ಸಂತೆ ಮೈದಾನದಲ್ಲಿ ಸಿಕ್ಕಿದ್ರೆ ಹೌದು, ಅದು ಯಾರದೋ ಮಡಿಲಿನ ಗಂಟಿನಿಂದ ಬಿದ್ದದ್ದು, ಅದರಲ್ಲಿ ಉಪ್ಪೋ ಎಣ್ಣೆಯೋ ಕೊಂಡಿದ್ದಾರೆ. ಕೆಂಟ್ ಕಡಲತೀರದಲ್ಲಿ ಸಿಕ್ಕಿದ್ರೆ ಅದು ಭಾರತವನ್ನ ನೋಡೇ ಇಲ್ಲ, ಒಂದು ಕಾಸಿನ ವ್ಯಾಪಾರವನ್ನೂ ಮಾಡಿಲ್ಲ. ಅವರು ಕೊಂಡಿದ್ದು ಕಾರ್ ಬೂಟ್ ಸೇಲಿನಲ್ಲಿ, ಒಂದು ಬಿಸ್ಕತ್ತಿನ ಡಬ್ಬದಿಂದ. ಎಲ್ಲಿತ್ತು ಅಂತ ಮಾರಿದವನಿಗೂ ಗೊತ್ತಿಲ್ಲ. ನಾಣ್ಯದ ಮೇಲಿರೋ ಅಕ್ಷರ ಅಷ್ಟೂ ಓದಿದ್ರೂ ಆ ನಾಣ್ಯದ ಬದುಕು ನಮಗೆ ಸಿಗಲಿಲ್ಲ.

*

ಕೆಲವೊಮ್ಮೆ ವಸ್ತುವಿಗಿಂತ ಜಾಗವೇ ದೊಡ್ಡದಾಗುತ್ತೆ. ಬಾಸ್‌ವರ್ತ್ ಕದನ ಇಂಗ್ಲೆಂಡಿನ ಚರಿತ್ರೆಯಲ್ಲಿ ದೊಡ್ಡ ತಿರುವು. 1485ರಲ್ಲಿ ಮೂರನೇ ರಿಚರ್ಡ್ ಸತ್ತು ಟ್ಯೂಡರ್ ವಂಶ ಪಟ್ಟಕ್ಕೆ ಬಂದದ್ದು ಅಲ್ಲೇ. ಯುದ್ಧ ನಡೆದ ಜಾಗ ಅಂತ ಒಂದು ಗುಡ್ಡವನ್ನ ತೋರಿಸಿ, ಪ್ರವಾಸಿ ಕೇಂದ್ರವನ್ನೂ ಕಟ್ಟಿದ್ರು. ಗ್ಲೆನ್ ಫೋರ್ಡ್ ಅನ್ನೋ ಪುರಾತತ್ವಜ್ಞರ ಮುಂದಾಳತ್ವದಲ್ಲಿ 2005ರಿಂದ ಸುತ್ತಲಿನ ಹೊಲಗಳನ್ನ ಮೆಟಲ್ ಡಿಟೆಕ್ಟರಿನಲ್ಲಿ ಸಾಲು ಹಿಡಿದು ಶೋಧಿಸಿದ್ರು. ಸಿಕ್ಕಿದ್ದು ಸೀಸದ ಗುಂಡುಗಳು, ಜೊತೆಗೊಂದು ಪುಟ್ಟ ಬೆಳ್ಳಿ ಹಂದಿ. ಕಾಡುಹಂದಿ ರಿಚರ್ಡನ ಲಾಂಛನ. ಈ ಪದಕ ಸಿಕ್ಕಿದ್ದು ಹಿಂದೆ ಜೌಗು ಇದ್ದ ಕಡೆ. ಎಲ್ಲವನ್ನೂ ನಕ್ಷೆ ಮೇಲೆ ಚುಕ್ಕೆ ಇಟ್ಟು ನೋಡಿದಾಗ ಗೊತ್ತಾಯ್ತು, ಯುದ್ಧ ನಡೆದದ್ದು ಆ ಗುಡ್ಡದ ಮೇಲಲ್ಲ, ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ!

ಒಂದೊಂದು ಸೀಸದ ಗುಂಡಿಗೆ ಮಾರುಕಟ್ಟೆಯಲ್ಲಿ ಏನು ಬೆಲೆ? ಹೆಚ್ಚೇನಿಲ್ಲ. ಒಬ್ಬೊಬ್ಬರು ಒಂದೊಂದು ಗುಂಡು ಜೇಬಿಗೆ ಹಾಕಿಕೊಂಡು ಹೋಗಿದ್ರೆ ಯಾರಿಗೂ ನಷ್ಟ ಆಯ್ತು ಅಂತಲೇ ಅನಿಸ್ತಿರಲಿಲ್ಲ. ಆದ್ರೆ ಒಂದು ರಾಜವಂಶ ಮುಗಿದ ಜಾಗ ಶಾಶ್ವತವಾಗಿ ತಪ್ಪು ಗುಡ್ಡದ ಮೇಲೇ ಉಳೀತಿತ್ತು.

ಆಳಕ್ಕೂ ಇದೇ ಬೆಲೆ. 2010ರ ಏಪ್ರಿಲಿನಲ್ಲಿ ಸಾಮರ್‌ಸೆಟ್ಟಿನ ಫ್ರೋಮ್ ಹತ್ತಿರ ಡೇವ್ ಕ್ರಿಸ್ಪ್ ಅನ್ನೋ ಹವ್ಯಾಸಿಗೆ ರೋಮನ್ ನಾಣ್ಯ ತುಂಬಿದ ಮಡಕೆಯ ಬಾಯಿ ಕಂಡಿತು. ಆತ ಮಾಡಿದ ದೊಡ್ಡ ಕೆಲಸ ಅಂದ್ರೆ ಅಗೆಯೋದನ್ನ ನಿಲ್ಲಿಸಿದ್ದು. ಗುಂಡಿ ಮುಚ್ಚಿ ಪುರಾತತ್ವದವರಿಗೆ ಹೇಳಿಕಳಿಸಿದ. ಅವರು ಮಡಕೆಯನ್ನ ಪದರ ಪದರವಾಗಿ, ಪ್ರತಿ ಪದರದ ನಾಣ್ಯ ಬೇರೆ ಬೇರೆ ಚೀಲಕ್ಕೆ ಹಾಕಿ ತೆಗೆದ್ರು. ಒಟ್ಟು 52,503 ನಾಣ್ಯ, 160 ಕಿಲೋ! ವರ್ಷವರ್ಷ ಉಳಿತಾಯ ಮಾಡಿ ತುಂಬಿದ ಹುಂಡಿಯಾಗಿದ್ರೆ ಕೊನೇ ಕಾಲದ ನಾಣ್ಯಗಳು ಮೇಲಿರಬೇಕಲ್ವಾ? ಹಾಗಿರಲಿಲ್ಲ, ಕೊನೆಯ ಅರಸ ಕರೌಸಿಯಸ್ಸನ ನಾಣ್ಯಗಳಲ್ಲಿ ಬಹುಪಾಲು ಕೆಳಗಿದ್ದವು. ಅಂದ್ರೆ ಎಲ್ಲವನ್ನೂ ಒಂದೇ ಸಲಕ್ಕೆ ಸುರಿದಿದ್ದಾರೆ. ಹಾಗಾಗಿ ಇದು ಕಷ್ಟಕಾಲಕ್ಕೆ ಬಚ್ಚಿಟ್ಟ ಹಣವಲ್ಲ, ದೇವರಿಗೆ ಒಪ್ಪಿಸಿದ್ದಿರಬಹುದು ಅನ್ನೋ ವಾದವೂ ಬಂತು. ಆತ ಆಸೆಗೆ ಬಿದ್ದು ಮಡಕೆ ಎತ್ತಿ ಸುರಿದಿದ್ರೆ ನಾಣ್ಯಗಳು ಅಷ್ಟೇ ಇರ್ತಿದ್ದವು, ಈ ಪ್ರಶ್ನೆ ಮಾತ್ರ ಹುಟ್ತಾನೇ ಇರಲಿಲ್ಲ.

*

ಹೇಳೋದು, ಮುಚ್ಚಿಡೋದು, ಎರಡರ ವ್ಯತ್ಯಾಸ ನೋಡಬೇಕಾದ್ರೆ 2015ನೇ ಇಸವಿ ಒಂದೇ ಸಾಕು. ಆ ವರ್ಷ ಇಂಗ್ಲೆಂಡಿನಲ್ಲಿ ವೈಕಿಂಗ್ ಕಾಲದ, ಅಂದ್ರೆ ಕ್ರಿ.ಶ. 870ರ ದಶಕದ ಎರಡು ನಿಧಿಗಳು ಸಿಕ್ಕವು. ಎರಡರಲ್ಲೂ ಒಂದು ವಿಶೇಷ ನಾಣ್ಯ: ಇಬ್ಬರು ಅರಸರು ಅಕ್ಕಪಕ್ಕ ಕೂತಿರೋ ಚಿತ್ರ. ಆ ಅಚ್ಚನ್ನ ವೆಸೆಕ್ಸಿನ ಆಲ್ಫ್ರೆಡ್ ದೊರೆಯೂ ಹಾಕಿಸಿದ್ದಾನೆ, ಮರ್ಸಿಯಾದ ಎರಡನೇ ಕಿಯೋಲ್‌ವುಲ್ಫನೂ ಹಾಕಿಸಿದ್ದಾನೆ. ಆಲ್ಫ್ರೆಡನ ಕಡೆಯವರು ಬರೆದ ಚರಿತ್ರೆ ಕಿಯೋಲ್‌ವುಲ್ಫನನ್ನ ವೈಕಿಂಗರ ಕೈಗೊಂಬೆ, ದಡ್ಡ ಅಂತ ಮೂದಲಿಸುತ್ತೆ. ನಾಣ್ಯ ಬೇರೆಯೇ ಹೇಳ್ತಿದೆ: ಇಬ್ಬರೂ ಜೊತೆಗಾರರಾಗಿದ್ರು. ಗೆದ್ದವನು ಬರೆಸಿದ ಇತಿಹಾಸಕ್ಕೆ ಮಣ್ಣಿನಿಂದ ಬಂದ ತಿದ್ದುಪಡಿ.

ಆಕ್ಸ್‌ಫರ್ಡ್‌ಶೈರಿನ ವಾಟ್ಲಿಂಗ್ಟನ್ ಹತ್ತಿರ ಸಿಕ್ಕಿದ ನಿಧಿಯನ್ನ ಹುಡುಕಿದಾತ ಕೂಡಲೇ ತಿಳಿಸಿದ. ಮಣ್ಣಿನ ಹೆಂಟೆ ಸಮೇತ ಎತ್ತಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ತಂದು ನಿಧಾನವಾಗಿ ಬಿಡಿಸಿದ್ರು. ಸುಮಾರು 200 ನಾಣ್ಯ, ಕಡಗ, ಬೆಳ್ಳಿ ಗಟ್ಟಿ. 2017ರಲ್ಲಿ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಂ 13.5 ಲಕ್ಷ ಪೌಂಡ್ ಕೊಟ್ಟು ಅದನ್ನ ತನ್ನದಾಗಿಸಿಕೊಂಡಿತು.

ಹೆರೆಫರ್ಡ್‌ಶೈರಿನ ಲೆಮ್‌ಸ್ಟರ್ ಹತ್ತಿರ ಸಿಕ್ಕಿದ್ದನ್ನ ಹುಡುಕಿದ ಇಬ್ಬರು ಬಚ್ಚಿಟ್ಟು ಮಾರತೊಡಗಿದ್ರು. ಸುಮಾರು 300 ನಾಣ್ಯ ಇದ್ದಿರಬೇಕು ಅಂತ ಅಂದಾಜು; ವಾಪಸ್ ಸಿಕ್ಕಿದ್ದು ಮೂವತ್ತರ ಆಸುಪಾಸು. 2019ರಲ್ಲಿ ಅವರಿಗೆ ಎಂಟು ವರ್ಷಕ್ಕೂ ಮೀರಿದ ಜೈಲು ಶಿಕ್ಷೆ ಆಯ್ತು. ಸರಿ, ಕಳ್ಳರಿಗೆ ಶಿಕ್ಷೆ ಆಯ್ತು. ಆದ್ರೆ ಯಾವ ನಾಣ್ಯ ಯಾವುದರ ಪಕ್ಕ ಇತ್ತು, ಯಾವ ದೊರೆಯವು ಎಷ್ಟಿದ್ದವು? ಇದನ್ನ ಯಾವ ನ್ಯಾಯಾಲಯವೂ ವಾಪಸ್ ಕೊಡಿಸಲಾರದು. ಕಾನೂನು ಪ್ರಕಾರ ನಡೆದಿದ್ರೆ ಅವರಿಗೇ ಲಕ್ಷಾಂತರ ಪೌಂಡ್ ಬಹುಮಾನ ಬರ್ತಿತ್ತು ಅನ್ನೋದು ಬೇರೆ ಮಾತು!

*

ಆ ಕಾನೂನನ್ನೂ ಸ್ವಲ್ಪ ನೋಡೋಣ. 1996ರ ಟ್ರೆಷರ್ ಆ್ಯಕ್ಟ್ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 300 ವರ್ಷ ಮೀರಿದ ಚಿನ್ನ ಬೆಳ್ಳಿಯ ವಸ್ತು, ನಾಣ್ಯಗಳ ಗಂಟು ಇಂಥವು ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ಮ್ಯೂಸಿಯಂ ಕೊಂಡರೆ ಸಿಕ್ಕಿದವರಿಗೂ ಜಮೀನಿನ ಒಡೆಯನಿಗೂ ಸಾಮಾನ್ಯವಾಗಿ ಅರ್ಧರ್ಧ. 2023ರಲ್ಲಿ ಇದಕ್ಕೆ ತಿದ್ದುಪಡಿ ತಂದು, 200 ವರ್ಷ ಮೀರಿದ, ಅಸಾಧಾರಣ ಮಹತ್ವದ ಲೋಹದ ವಸ್ತುಗಳನ್ನೂ ಸೇರಿಸಿದ್ರು. ಅದಕ್ಕೆ ಕಾರಣವಾದದ್ದು 2010ರಲ್ಲಿ ಕಂಬ್ರಿಯಾದಲ್ಲಿ ಸಿಕ್ಕ ಅದ್ಭುತ ರೋಮನ್ ಶಿರಸ್ತ್ರಾಣ. ಅದು ಒಂಟಿ ಕಂಚಿನ ವಸ್ತು, ಹಾಗಾಗಿ ಕಾನೂನಿನ ಕಣ್ಣಲ್ಲಿ ನಿಧಿಯೇ ಅಲ್ಲ! ಹರಾಜಿನಲ್ಲಿ 20 ಲಕ್ಷ ಪೌಂಡಿಗೂ ಮೀರಿ ಖಾಸಗಿಯವರ ಪಾಲಾಯ್ತು.

ಇದಕ್ಕಿಂತ ನನಗೆ ಇಷ್ಟವಾಗೋದು 1997ರಲ್ಲಿ ಶುರುವಾದ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್. ಗೆಜ್ಜೆ, ಬಕಲ್, ಗುಂಡಿ, ಸೀಸದ ತುಣುಕು, ಹೀಗೆ ನಿಧಿ ಅಲ್ಲದ್ದನ್ನೂ ಜಿಲ್ಲಾ ಮಟ್ಟದ ಅಧಿಕಾರಿಗೆ ತೋರಿಸಬಹುದು. ಅವರು ಗುರುತಿಸಿ, ತೂಗಿ, ಫೋಟೋ ತೆಗೆದು, ಸಿಕ್ಕ ಜಾಗ ದಾಖಲಿಸಿ ವಾಪಸ್ ಕೊಡ್ತಾರೆ. ಹೀಗೆ 15 ಲಕ್ಷಕ್ಕೂ ಹೆಚ್ಚು ವಸ್ತುಗಳ ದಾಖಲೆ ಆಗಿದೆ, ಯಾರು ಬೇಕಾದ್ರೂ ನೋಡಬಹುದು. ಕಳ್ಳರ ಕಾಟ ತಪ್ಪಿಸೋಕೆ ನಿಖರ ಜಾಗವನ್ನ ಸಾರ್ವಜನಿಕರಿಗೆ ತೋರಿಸಲ್ಲ.

ಆದ್ರೆ ಈ ತೋರಿಸೋದು ಇಷ್ಟ ಇದ್ದರೆ ಮಾತ್ರ, ಕಡ್ಡಾಯ ಅಲ್ಲ. ನನ್ನ ತಕರಾರು ಇರೋದು ಇಲ್ಲೇ. ಕಡ್ಡಾಯ ಮಾಡಿದ್ರೆ ಜನ ಹೆದರಿ ಮುಚ್ಚಿಡ್ತಾರೆ, ನಂಬಿಕೆ ಹೋಗುತ್ತೆ ಅಂತಾರೆ. ಅದರಲ್ಲೂ ಹುರುಳಿದೆ. ನೇಗಿಲಿಗೆ ಸಿಕ್ಕಿ, ಗೊಬ್ಬರದ ರಾಸಾಯನಿಕಕ್ಕೆ ಕರಗಿ ಹೋಗೋ ವಸ್ತುಗಳನ್ನ ಈ ಹವ್ಯಾಸಿಗಳೇ ಉಳಿಸಿದ್ದಾರೆ ಅನ್ನೋದನ್ನೂ ಒಪ್ಪಲೇಬೇಕು. ಹಾಗಂತ ಮಾರೋವಾಗಲೂ ಜಾಗ ಹೇಳಬೇಕಾಗಿಲ್ಲ ಅನ್ನೋದು ಎಲ್ಲಿಯ ನ್ಯಾಯ? ಮನೆ ಮಾರೋಕೆ ಪತ್ರ ಬೇಕು, ಹಳೇ ಕಾರು ಮಾರೋಕೆ ಪತ್ರ ಬೇಕು. ಸಾವಿರ ವರ್ಷದ ಬ್ರೋಚಿಗೆ ಮಾತ್ರ "ಇಂಗ್ಲೆಂಡಿನ ನೆಲದಲ್ಲಿ ಸಿಕ್ಕಿದ್ದು" ಅನ್ನೋ ಒಂದು ಸಾಲು ಸಾಕಾ? ಇಟ್ಟುಕೊಳ್ಳೋರು ಇಟ್ಟುಕೊಳ್ಳಲಿ, ಮಾರೋರು ಮೊದಲು ದಾಖಲೆ ಮಾಡಿಸಲಿ. ದಾಖಲೆ ಸಂಖ್ಯೆ ಇಲ್ಲದ ನೆಲದ ವಸ್ತುವನ್ನ ಹರಾಜಿಗೆ ಇಡಬಾರದು ಅಂತ ಒಂದು ನಿಯಮ ಬಂದ್ರೆ ಪ್ರಾಮಾಣಿಕರಿಗೆ ಏನೂ ತೊಂದರೆ ಇಲ್ಲ.

*

ಇನ್ನು ನಮ್ಮ ಕಡೆಯ ಮಾತು. ನಿಧಿಯ ಹಕ್ಕು ಯಾರದು ಅನ್ನೋ ಪ್ರಶ್ನೆ ನಮಗೆ ಹೊಸದೇನಲ್ಲ. ನಮ್ಮ ಶಾಸನಗಳಲ್ಲಿ ಭೂಮಿ ದಾನ ಕೊಡುವಾಗ ಬರೋ ಅಷ್ಟಭೋಗಗಳಲ್ಲಿ ಮೊದಲೆರಡೇ ನಿಧಿ, ನಿಕ್ಷೇಪ. ಬ್ರಿಟಿಷರು 1878ರಲ್ಲಿ ಮಾಡಿದ ಕಾಯಿದೆಯಲ್ಲಿ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಅಂತಿತ್ತು, ಸಿಕ್ಕಿದವನಿಗೂ ಪಾಲು ಇತ್ತು. ನಮ್ಮ ರಾಜ್ಯಕ್ಕೆ 1962ರಿಂದ ತನ್ನದೇ ಕಾಯಿದೆ ಇದೆ. ಕಾಯಿದೆ ಇದ್ದರೂ ನಿಧಿ ಆಸೆಗೆ ಗರ್ಭಗುಡಿ ಅಗೆದವರ, ವೀರಗಲ್ಲು ಕಿತ್ತವರ ಸುದ್ದಿ ಓದದ ಕನ್ನಡಿಗ ಇಲ್ಲ. ಉಳುವಾಗ ಏನಾದ್ರೂ ಸಿಕ್ಕರೆ ಪೊಲೀಸು, ಕೋರ್ಟು ಅಂತ ಹೆದರಿ ಸುಮ್ಮನಾಗೋರೂ ಇದ್ದಾರೆ. ಆಗ ಅಕ್ಕಸಾಲಿಗನ ಮೂಸೆಯೇ ಅದರ ಕೊನೆ. ಹಾಗಂತ ಇಲ್ಲಿಯ ಹಾಗೆ ಅಲ್ಲೂ ಎಲ್ಲರೂ ಡಿಟೆಕ್ಟರ್ ಹಿಡಿದು ಹೊರಡಲಿ ಅಂತ ನಾನು ಹೇಳ್ತಿಲ್ಲ, ಖಂಡಿತಾ ಬೇಡ. ಆದ್ರೆ ತೋರಿಸಿದವನನ್ನ ಕಳ್ಳನ ಹಾಗೆ ನೋಡದ, ಹೆಸರಿಟ್ಟು ದಾಖಲೆ ಮಾಡಿಕೊಂಡು ಥ್ಯಾಂಕ್ಸ್ ಹೇಳೋ ಒಂದು ಮೇಜು ಪ್ರತಿ ಜಿಲ್ಲೆಯಲ್ಲಿ ಇದ್ದರೆ?

ಜಾಗ ಬರೆದಿಡೋದರ ಬೆಲೆ ಗೊತ್ತಿದ್ದ ಒಬ್ಬರು ನಮ್ಮಲ್ಲೇ ಇದ್ದರು. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಅವರು 1886ರಿಂದ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಶಾಸನದ ಪಾಠದ ಜೊತೆಗೆ ತಾಲ್ಲೂಕು, ಊರು, ಯಾವ ಗುಡಿಯ ಯಾವ ದಿಕ್ಕಿಗೆ, ಯಾರ ಹೊಲದಲ್ಲಿ ಅನ್ನೋದನ್ನೂ ಕೊಟ್ಟಿದ್ದಾರೆ. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನ ಹುಡುಕಿ ಹುಡುಕಿ 3ಡಿ ಸ್ಕ್ಯಾನ್ ಮಾಡೋಕೆ ಹೊರಟಾಗ ಆಸರೆಯಾದದ್ದು ಆ ಸಾಲುಗಳೇ. ಕೆಲವು ಕಲ್ಲು ಚರಂಡಿ ಪಕ್ಕ, ಕೆಲವು ಲೇಔಟಿನ ನಡುವೆ. ಕಲ್ಲೇ ಕಳೆದುಹೋದ ಕಡೆಯೂ ಊರಿನ ಹೆಸರು ಉಳಿದಿದೆ.

ಹಾಗಾಗಿ ಇಷ್ಟು ನೆನಪಿಟ್ಟುಕೊಳ್ಳಿ. ಊರಿಗೆ ಹೋದಾಗ ತೋಟದಲ್ಲೋ ಪಾಯ ಅಗೆಯುವಾಗಲೋ ಹಳೇದೊಂದು ಕಣ್ಣಿಗೆ ಬಿದ್ದರೆ ಮೊದಲು ಅದು ಇದ್ದಲ್ಲೇ ಒಂದು ಫೋಟೋ ತೆಗೀರಿ, ಪಕ್ಕದಲ್ಲಿ ಒಂದು ಸ್ಕೇಲೋ ಐದು ರೂಪಾಯಿ ನಾಣ್ಯವೋ ಇಟ್ಟು. ಫೋನಿನ ಜಿಪಿಎಸ್ ಗುರುತು ಹಾಕ್ಕೊಳ್ಳಿ. ಊರು, ಸರ್ವೆ ನಂಬರು, ಎಷ್ಟು ಅಡಿ ಆಳ ಅಂತ ಬರೆದಿಡಿ. ತೊಳೀಬೇಡಿ, ಉಜ್ಜಬೇಡಿ, ಇನ್ನೂ ಅಗೀಬೇಡಿ. ತಹಸೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಅದೇನು ಅಂತ ಹೇಳೋಕೆ ಓದಿದವರು ಇದ್ದಾರೆ, ಇವತ್ತಲ್ಲದಿದ್ರೆ ನಾಳೆ ಹೇಳ್ತಾರೆ. ಎಲ್ಲಿತ್ತು ಅನ್ನೋದನ್ನ ಹೇಳೋಕೆ ಇರೋದು ನೀವೊಬ್ಬರೇ.

ನಿಮ್ಮೂರಲ್ಲಿ ಇಂಥದ್ದೇನಾದ್ರೂ ಸಿಕ್ಕಿದ್ದು ಕೇಳಿದ್ದೀರಾ? ಕೊನೆಗೆ ಅದು ಎಲ್ಲಿಗೆ ಹೋಯ್ತು?